ಹದಿಮೂರು ನೀಲಿ ಅಂಗಿ

ಕ್ಲಬ್ಬಿಂದು ಚರಿತ್ರೆ ಬರೀರಿ ಅಂದ್ರು, ಬೆಳ್ಳಿಹಬ್ಬಕ್ಕ.
ರಜಿಸ್ಟರ್ ನನ್ನ ಹತ್ರಾನೇ ಅದ.
ಇಲಿ ತಿಂದು ಉಳಿದಷ್ಟು ಬರೀತೀನಿ.

ಮೊದಲನೇ ಪುಟ: ಶಹಾಬಾದ್, ಸಿಮೆಂಟ್ ಫ್ಯಾಕ್ಟರಿ ಹಿಂದಿನ ಬಯಲು.
ಹಾಜರಿ ಒಂಬತ್ತು. ಚೆಂಡು ಒಂದು, ಪಂಚರ್.
ಗೆರಿ ಹಾಕಲಿಕ್ಕ ಸುಣ್ಣ ಕೊಂಡಿಲ್ಲ ಯಾವತ್ತೂ;
ಫರಸಿ ಕೊಯ್ಯೋ ಮಷೀನಿನ ಬುಡಕ ಬಿದ್ದ ಹಿಟ್ಟು
ಸುಗಲಾಬಾಯಿ ಸೆರಗಿನ್ಯಾಗ ಕಟ್ಟಿ ತರ್ತಿದ್ದಳು.

ಗೋಲ್ ಕಾಯೋಕಿ ಸುವಾರ್ತಮ್ಮ.
ಖಣಿಯೊಳಗ ಚಪ್ಪಡಿ ಹಿಡಿದ ಕೈ,
ಚೆಂಡು ಏನು ಮಹಾ.
ಆದರೂ ಮೊದಲನೇ ಆಟ ಬೀದರಿನವರ ಮುಂದ
ಹನ್ನೊಂದು–ಸೊನ್ನಿ.
ಆ ಸೊನ್ನಿ ನಾನೇ ಬರದದ್ದು, ದುಂಡಗ, ಚಂದ ಮಾಡಿ.

ಬಿಟ್ಟು ಹೋದವರ ಪುಟದಾಗ ಕಾರಣ ಅಂತೊಂದು ಸಾಲು:
ಮದುವಿ. ಮದುವಿ. ಅಣ್ಣ ಬ್ಯಾಡಂದ. ಮದುವಿ.
ಒಬ್ಬಾಕಿಗಿ ಮಾತ್ರ ‘ಕಾಲು’.

ಮೂರನೇ ವರ್ಷ ಅಂಗಿ ಬಂದ್ವು.
ಕಲಬುರಗಿ ಸೂಪರ್ ಮಾರ್ಕೆಟ್ಟಿನ್ಯಾಗ ಹಳೇ ಬಟ್ಟಿ ಗಂಟು ಬಿಚ್ಚಿದಾಗ
ಫಾತೂಬಿ ಒಂದು ನೀಲಿ ತೋಳು ಹಿಡದು ಎಳದಳು,
ಅದರ ಹಿಂದ ಇನ್ನೊಂದು, ಮತ್ತೊಂದು,
ಹದಿಮೂರು. ಚೌಕಾಸಿ ಆಗಿ ಇನ್ನೂರಾ ಹತ್ತು ರೂಪಾಯಿ.
ಎದಿ ಮ್ಯಾಲಿನ ಹೆಸರು ಯಾರಿಗೂ ಓದಲಿಕ್ಕ ಬರಲಿಲ್ಲ,
ಅಕ್ಷರದ ನೆತ್ತಿ ಮ್ಯಾಲ ಎರಡೆರಡು ಚುಕ್ಕಿ.
ಏಳನೇ ನಂಬರಿಗಿ ಕಂಕುಳದಾಗ ಕೈಹೊಲಿಗಿ:
ಯಾರೋ ಆಡಿ ಹರದದ್ದು,
ದೀಪ ಹತ್ರ ಎಳಕೊಂಡು ಯಾರೋ ಹೊಲದದ್ದು.
ಅದು ನಾ ತಗೊಂಡೆ.

ರಾಯಚೂರು, ಫೈನಲ್, ಕಡೀ ಮೂರು ನಿಮಿಷ.
ಹನ್ನೆರಡರ ವಯಸ್ಸಿಂದ ಕಲ್ಲು ಹೊತ್ತ ತಲಿ ಸುಗಲಾಬಾಯಿದು.
ಚೆಂಡು ಬಂದು ಬಡೀತು; ಅದಕ್ಕೇ ಪೆಟ್ಟಾತು,
ಬಲಿಯೊಳಗ ಹೋಗಿ ಬಿತ್ತು.
ಒಂದು–ಸೊನ್ನಿ. ಈ ಸಲ ಸೊನ್ನಿ ಅವರದು.
ಸಾಧನೆ ಅನ್ನೋ ಪುಟದಾಗ ಇದೊಂದೇ ಅದ.

ಮೊನ್ನೆ ಫಾತೂಬಿ ಮೊಮ್ಮಗಳು ಫೋನಿನ್ಯಾಗ ಹುಡುಕಿ ಅಂದಳು:
ಅಜ್ಜಿ, ಇದು ಫಿನ್ಲೆಂಡ್. ಹೆಂಗಸರದೇ ಕ್ಲಬ್ಬು.
ನಿಮಗಿಂತ ಹಳೇದು. ಕಪ್ ಭಾಳ ಗೆದ್ದಾರ.
ಬಯಲು ನೋಡ್ರಿ, ಅರ್ಧ ವರ್ಷ ಹಿಮ ಬಿದ್ದು ಬೆಳ್ಳಗ.

ನೋಡಿದೆ.
ನಮ್ಮದೂ ಬೆಳ್ಳಗೇ ಇತ್ತು, ಹನ್ನೆರಡೂ ತಿಂಗಳು.
ಆಟ ಮುಗಿಸಿ ಕೆಮ್ಮಿದರ ಕರ್ಚೀಫೂ ಬೆಳ್ಳಗ.
ಫ್ಯಾಕ್ಟರಿ ಮುಚ್ಚಿದ ವರ್ಷ ಅಪ್ಪಂದಿರೆಲ್ಲ ಮನಿ ಹಿಡದ್ರು,
ಬಯಲಿನ್ಯಾಗ ಮೊದಲ ಸಲ ಹುಲ್ಲು ಬಂತು.
ಆ ಹುಲ್ಲಿನ ಮ್ಯಾಲ ಆಡಲಿಕ್ಕ
ಸ್ವಲ್ಪ ದಿನ ಯಾರಿಗೂ ಮನಸಾಗಲಿಲ್ಲ.

ಬೆಳ್ಳಿಹಬ್ಬದ ದಿನ ಕಪ್ ಮೇಜಿನ ಮ್ಯಾಲ ಇಡಬೇಕಂತ.
ಸುಗಲಾಬಾಯಿ ಮನ್ಯಾಗ ಅದ, ಆಕಿ ಅದರಿಂದ ಜ್ವಾಳ ಅಳೀತಾಳ.
ಕೇಳಲಿಕ್ಕ ಹೋದವರು ಸಂಜಿಗಿ ಹೋಗ್ರಿ,
ಬೀಸಿ ಮುಗಿದಿರ್ತದ.