ಹಾದ್ಯಾಗ ಉಳದದ್ದು

ಕಾಗಿಣಾದ ಈ ದಂಡಿಗೊಂದು ಟಾವರು, ಆ ದಂಡಿಗೊಂದು.
ನಡುವೆ ಎಂಟು ಕಿಲೋಮೀಟರು ಬಯಲು,
ಹಾಸುಗಲ್ಲಿನ ಖಣಿ, ಜಾಲಿ,
ಹಗಲೆಲ್ಲ ನಲವತ್ಮೂರು ಡಿಗ್ರಿ.

ಈ ತಟ್ಟೆ ಹೇಳಿದ್ದನ್ನು ಆ ತಟ್ಟೆ ಕೇಳಬೇಕು,
ಎಷ್ಟು ಕೇಳಿಸಿತೋ ನಾನು ಬರೆಯಬೇಕು.
ಅದಕ್ಕೇ ನನಗೆ ಪಗಾರ.

ಮೇ ಮುಗಿಯುವ ವಾರ, ನಡುರಾತ್ರಿ,
ಒಂದೂವರೆ ಡೆಸಿಬಲ್ ಕಮ್ಮಿ.
ಮೊದಲ ದಿನ ಬೋಲ್ಟು ಬಿಗಿದೆ.
ಎರಡನೇ ದಿನ ಕೇಬಲ್ಲಿನ ತುದಿ ಬಿಚ್ಚಿ, ಒರೆಸಿ ಹಾಕಿದೆ.
ಮೂರನೇ ದಿನ ಜನರೇಟರ್ ಕಾಯುವ ಸಾಬಣ್ಣನ ಮೇಲೆ ಹರಿಹಾಯ್ದೆ:
ಯಾರರ ಮ್ಯಾಲ ಹತ್ತಿದ್ರೇನು?
"ಹದ್ದು ಬಿಟ್ರ ಯಾರಿಲ್ರಿ" ಅಂದ,
ಬೀಡಿಯ ತುದಿಯಿಂದ ಮೇಲೆ ತೋರಿಸಿ.
ಒಂದು ಮೋಡವಿಲ್ಲ. ಚಿಕ್ಕಿಗಳು ತಿಕ್ಕಿ ತೊಳೆದಿಟ್ಟ ಹಾಗೆ.

ಕೆಳಗೆ ಬೇಳೆ ಮಿಲ್ಲಿನ ಅಂಗಳದಲ್ಲಿ
ಖಾಸಿಂಬಿ ಒಂದು ತೊಗರಿಕಾಳು ದವಡೆಗಿಟ್ಟು
ಕಡಿದಳು. ಕಟ್ ಅನ್ನಲಿಲ್ಲ.
ಮೆತ್ತಗೆ ತಗ್ಗಿತು.
"ಹವಾದಾಗ ನೀರು ಬಂದದ. ತಾಡಪತ್ರಿ ತರ್ರಿ."

ಏಣಿಯ ಮೇಲೇ ನಿಂತು ಕೇಳಿಸಿಕೊಂಡೆ.

ಇಪ್ಪತ್ತೆರಡು ಗಿಗಾಹರ್ಟ್ಸಿನ ಆಸುಪಾಸು
ನೀರಾವಿಗೆ ಒಂದು ಹಸಿವಿರುತ್ತದೆ,
ಹಾಯುವ ಅಲೆಯಿಂದ ಚೂರು ಚೂರು ಕಚ್ಚಿಕೊಳ್ಳುತ್ತದೆ.
ತರಬೇತಿಯಲ್ಲಿ ಹೇಳಿದ್ದರು, ಊಟಕ್ಕೆ ಮುಂಚಿನ ತಾಸು.
ಆಗ ನನ್ನ ಹಸಿವೇ ನನಗೆ ಹೆಚ್ಚಾಗಿತ್ತು.

ಅಂದರೆ ಯಾರದೋ ಬೀಗರ ಜಗಳ,
ಯಾರದೋ ಬಾಕಿ, ಆರಂಕಿಯ ಓಟಿಪಿ,
ಪುಣೆಯ ಕಟ್ಟಡವೊಂದರ ಹನ್ನೆರಡನೇ ಮಹಡಿಯಿಂದ
"ಹಲೋ, ಕೇಳಸ್ಲಿಕ್ಹತ್ತದೇನು?"
ಎಲ್ಲವೂ ನದಿ ದಾಟುವಾಗ
ತೇವಕ್ಕಿಷ್ಟು ಕೊಟ್ಟೇ ದಾಟುತ್ತವೆ.
ಏನಂದರೋ ನನಗೆ ತಿಳಿಯುವುದಿಲ್ಲ.
ಎಷ್ಟು ಹೋಯಿತು, ಅಷ್ಟೇ ನನ್ನ ಕಣ್ಣಿಗೆ.

ವಹಿಯಲ್ಲಿ ಎರಡು ಕಾಲಂ ಎಳೆದೆ:
ಟಾವರಿನ ಲುಕ್ಸಾನು. ಖಾಸಿಂಬಿಯ ಹಲ್ಲು.
ಹನ್ನೊಂದು ರಾತ್ರಿಯಲ್ಲಿ ಒಂಬತ್ತು ಸಲ
ಎರಡೂ ಒಂದೇ ಮಾತು ಹೇಳಿದವು.
ಒಂದು ರಾತ್ರಿ ಅವಳ ದವಡೆ ಬಾತಿತ್ತು.
ಇನ್ನೊಂದು ರಾತ್ರಿ ಅವಳದೇ ಖರೆ,
ಆ ಅಂಕಿ ನಾನು ನಿದ್ದೆಗಣ್ಣಲ್ಲಿ ಬರೆದದ್ದು.

ಕಲಬುರಗಿ ಆಫೀಸಿಗೆ ಎಲ್ಲ ವಿವರಿಸಿ ಕಳಿಸಿದೆ.
ಉತ್ತರ ಬಂತು: 'ಯಂತ್ರದಲ್ಲಿ ದೋಷವಿಲ್ಲ. ದೂರು ಮುಚ್ಚಲಾಗಿದೆ.'

ಇವತ್ತು ಸಂಜೆ ಏಳಕ್ಕೇ ಗೆರೆ ಇಳಿಯತೊಡಗಿತು.
ಮೇಲಿಂದ ಕೂಗಿದೆ, "ಖಾಲಾ, ಇನ್ನೂ ಅರ್ಧ ಕಮ್ಮಿ ಆತು!"
"ಅರ್ಧ ಏನು? ಸೇರೋ, ಪಾವೋ?"
ತಾಡಪತ್ರಿಯ ನಾಲ್ಕು ಮೂಲೆ ಹಿಡಿದ ಹೆಂಗಸರೆಲ್ಲ ನಕ್ಕರು.

ಇಳಿದು ಬಂದು ಒಂದು ಕಾಳು ಬಾಯಿಗಿಟ್ಟುಕೊಂಡೆ.
ಅವಳು ನನ್ನ ಮುಖವನ್ನೇ ನೋಡುತ್ತ ಕಾದಳು.
ನನ್ನ ಹಲ್ಲಿಗೆ ಏನೂ ತಿಳಿಯಲಿಲ್ಲ.