ಟಿಕೆಟಿನ ಹಿಂಬದಿ

ಕಾರವಾರ–ಅಂಕೋಲೆ, ದಿನಕ್ಕೆ ಆರು ಸಿಂಗಲ್.
ಹನ್ನೊಂದು ವರ್ಷದಿಂದ ನಿಂತೇ ಇದ್ದೇನೆ
ಹಿಂಬಾಗಿಲ ಕಂಬಕ್ಕೆ ಆನಿಕೊಂಡು.
ತಿಂಗಳಲ್ಲಿ ನಾಲ್ಕು ದಿನ
ಕಂಬವೇ ನನ್ನನ್ನು ಹಿಡಿದುಕೊಳ್ಳುತ್ತಿತ್ತು.

ಹಾರವಾಡದ ತಿರುವಿಗೆ ಹಲ್ಲು ಕಚ್ಚುವುದು,
ಅವರ್ಸೆಯ ಉಬ್ಬಿಗೆ ಉಸಿರು ಹಿಡಿಯುವುದು.
ಹೆದ್ದಾರಿ ನನ್ನ ಹೊಟ್ಟೆಯೊಳಗೇ ಹಾಯ್ದಿತ್ತು.
"ಚಿಲ್ಲರೆ ಕೊಡಿ" ಎನ್ನುವ ದನಿ ಮಾತ್ರ ನೆಟ್ಟಗೆ.

ಅವ್ವಿ ಹೇಳಿದಳು, ಮದುವೆ ಆದ್ರೆ ಸರಿ ಹೋಗ್ತದೆ.
ಮದುವೆ ಆಯಿತು.
ಅತ್ತೆ ಹೇಳಿದರು, ಒಂದು ಮಗು ಆಗಲಿ.
ಆಗಲಿಲ್ಲ.
ಸ್ಕ್ಯಾನಿನವನು ಹೇಳಿದ, ಎಲ್ಲ ನಾರ್ಮಲ್.
ಡಿಪೋದ ರಜೆ ಅರ್ಜಿಯಲ್ಲಿ ನಾನು ಬರೆದದ್ದು "ಜ್ವರ".
ಪ್ರತಿ ತಿಂಗಳೂ ಜ್ವರ.
ಸಾಹೇಬರು ಒಮ್ಮೆ ಪಾಪ ಕೇಳಿದರು,
ಮಲೇರಿಯಾ ಪರೀಕ್ಷೆ ಮಾಡಿಸಿದ್ರಾ?

ಬೈತಖೋಲದ ಐಸ್ ಪ್ಲಾಂಟಿನಲ್ಲಿ ಎರಡು ದಿನದ ಪಗಾರ ಬಿಟ್ಟು
ದಾಮು ನನ್ನನ್ನು ನಸುಕಿನ ರೈಲು ಹತ್ತಿಸಿದ.
ಮಣಿಪಾಲದ ಡಾಕ್ಟರಮ್ಮ ಮೊದಲು ಹೊಟ್ಟೆ ಮುಟ್ಟಲಿಲ್ಲ,
ಕುರ್ಚಿ ಹತ್ತಿರ ಎಳೆದುಕೊಂಡಳು.
ನೋವು ಮುಟ್ಟಿಗೆ ಎಷ್ಟು ದಿನ ಮೊದಲು ಶುರು?
ಸೊಂಟಕ್ಕೆ ಇಳಿಯುತ್ತದೆಯೇ, ತೊಡೆಗೆ?
ಆ ದಿನಗಳಲ್ಲಿ ಕಕ್ಕಸಿಗೆ ಕೂತರೆ ಚೂರಿ ಆಡಿಸಿದಂತೆ?
ಗಂಡನ ಜೊತೆ ಇರುವಾಗ?
ದಾಮು ನೆಲ ನೋಡಿದ.
ಹೌದು. ಹೌದು. ಅದೂ ಹೌದು.
ನನ್ನ ನೋವಿಗೆ ಇಷ್ಟೊಂದು ಪ್ರಶ್ನೆಗಳಿವೆಯೆಂದು
ನನಗೇ ಗೊತ್ತಿರಲಿಲ್ಲ.

ಎಂಡೊಮೆಟ್ರಿಯೋಸಿಸ್. ಬರೆದು ತೋರಿಸಿದಳು.
ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೇರೂರುವುದು,
ಅಂಡಾಶಯದ ಮೇಲೆ, ಕರುಳಿನ ಮೇಲೆ,
ತಿಂಗಳು ತಿಂಗಳು ಅಲ್ಲೇ ಒಸರುವುದು
ಹೊರಬೀಳಲು ದಾರಿಯಿಲ್ಲದೆ.
ನಾನು ಅಘನಾಶಿನಿ ದಂಡೆಯಲ್ಲಿ ಹುಟ್ಟಿದವಳು, ತಿಳಿಯಿತು.
ಜಂತ್ರಡಿಯ ಹಲಗೆ ಸಡಿಲಾದ ವರ್ಷ
ನಮ್ಮ ಗಜನಿಗೆ ಉಪ್ಪುನೀರು ಹೀಗೇ ಹೊಕ್ಕಿತ್ತು.
ಕಟ್ಟೆಯ ಮೇಲೆ ನಿಂತು ನೋಡಿದವರಿಗೆ
ಎಲ್ಲ ನಾರ್ಮಲ್ಲೇ.

ಮೂರು ತೂತು, ಒಂದು ಕ್ಯಾಮೆರಾ, ನಾಲ್ಕು ತಾಸು.
ಕರುಳಿನ ಸರ್ಜನ್ನೂ ಪಕ್ಕದಲ್ಲಿ ನಿಂತಿದ್ದರಂತೆ.
ಗರ್ಭಕೋಶ ಇದ್ದಲ್ಲೇ ಇದೆ,
ಅದಕ್ಕಂಟಿದ್ದನ್ನು ಬಿಡಿಸಿದ್ದಾರೆ.
ಆಮೇಲೆ ಚಿತ್ರ ತೋರಿಸಿದರು.
"ಇಷ್ಟೆಲ್ಲಾ ಇತ್ತಾ" ಎಂದ ದಾಮು,
ಕಾಲು ತುಳಿದವನು ಕ್ಷಮೆ ಕೇಳುವ ದನಿಯಲ್ಲಿ.
ನನಗೆ ಅಳು ಬಂತು:
ಹನ್ನೊಂದು ವರ್ಷದ ಜ್ವರಕ್ಕೆ ಕೊನೆಗೂ ಒಂದು ಫೋಟೋ.

ಪೂರ್ತಿ ಹೋಯಿತೆಂದು ಯಾರೂ ಹೇಳಿಲ್ಲ.
ರಾತ್ರಿಗೊಂದು ಗುಳಿಗೆ, ಆರು ತಿಂಗಳಿಗೊಂದು ರೈಲು.
ಮಗುವಿನ ಮಾತು ಇನ್ನೂ ಎತ್ತಿಲ್ಲ. ಎತ್ತಿದಾಗ ನೋಡುವ.

ನಿನ್ನೆ ಅಮದಳ್ಳಿಯಲ್ಲಿ ಒಬ್ಬ ಹುಡುಗಿ ಹತ್ತಿದಳು,
ಕಾಲೇಜಿನ ಚೀಲ ಹೊಟ್ಟೆಗೆ ಒತ್ತಿ
ಕಿಟಕಿ ಸೀಟಿನಲ್ಲಿ ಮಡಚಿಕೊಂಡಳು.
ಆ ಮಡಿಕೆ ನನಗೆ ಗೊತ್ತು.
"ಎಂತ, ಜ್ವರವಾ?"
"ಹ್ಞೂಂ."
"ತಿಂಗಳಿಗೊಮ್ಮೆ ಬರುವ ಜ್ವರವಾ?"
ತಲೆಯೆತ್ತಿದಳು.

ಹೆಂಗಸರಿಗೆ ಈಗ ಸೊನ್ನೆ ರೂಪಾಯಿ ಟಿಕೆಟು,
ಚಿಲ್ಲರೆ ಉಳಿಯುವ ಮಾತೇ ಇಲ್ಲ.
ಆದರೂ ಮಗುಚಿ, ಬಾಕಿ ಬರೆಯುವ ಜಾಗದಲ್ಲಿ
ಡಾಕ್ಟರ ಹೆಸರು, ಅವರು ಸಿಗುವ ವಾರ
ಬರೆದು ಕೊಟ್ಟೆ.

ಬೇಲೇಕೇರಿ ಕ್ರಾಸಿನಲ್ಲಿ ಇಳಿದಳು, ಚೀಟಿ ಮುಷ್ಟಿಯೊಳಗೆ.
ಸೀಟಿ ಊದುವುದು ನನಗೆ ಕೊಂಚ ತಡವಾಯಿತು.
ಡ್ರೈವರ್ ಬೈದ.