ಮುಚ್ಚಳ

ಗುಂಡಿನ ಸದ್ದು ನನ್ನದು.
ಅಂದರೆ, ನನ್ನ ಒಲೆಯ ಮುಚ್ಚಳದ್ದು.

ತೆರೆಯ ಮೇಲೆ ಕಾವಲುಗಾರ ಕೈ ಎತ್ತಿದಾಗ
ಬತೂಮಿಯ ಆ ಪುಟ್ಟ ಟಾಕೀಸಿನಲ್ಲಿ
ನನ್ನ ಬಿಟ್ಟು ಮೂವತ್ತಾರು ಜನ ಒಟ್ಟಿಗೆ ಬೆಚ್ಚಿದರು.
(ಎಣಿಸಿದ್ದೆ. ದೀಪ ಆರುವ ತನಕ ಬೇರೇನು ಕೆಲಸ?)
ನನಗೆ ಮಾತ್ರ ರೊಟ್ಟಿಯ ವಾಸನೆ ಬಂತು.

ತ್ಸಿರಾ, ತಮ್ಮನ ಮಗಳು,
ಅಪ್ಪನ ಮುಖ ಫೋಟೋದಲ್ಲಷ್ಟೇ ಕಂಡವಳು,
ಚಿಯಾತುರಾಕ್ಕೆ ಬಂದಿಳಿದದ್ದು ಮಾರ್ಚಿನಲ್ಲಿ.
ಕ್ಯಾಮೆರಾ ಎರಡು, ಬಾಡಿಗೆಯವು;
ಜನ ಒಂಬತ್ತು, ಪುಕ್ಕಟೆಯವರು.
ಇಪ್ಪತ್ತಮೂರು ರಾತ್ರಿ ಶೂಟಿಂಗ್.
ಹಲ್ಲು ಕೀಳುವ ಇರೋದಿಯೇ ಖಳನಾಯಕ.
ದಾಳಿಂಬೆ ರಸಕ್ಕೆ ಸಕ್ಕರೆ ಸುರಿದು
ನನ್ನ ಅಂಗಡಿಯಲ್ಲೇ ರಕ್ತ ಕಾಯಿಸಿದರು.
ಇರುವೆ ಮುತ್ತಿ ಹೆಣ ಎದ್ದು ಕೂತಿತು,
ಕೆರೆದುಕೊಂಡಿತು,
ಮತ್ತೆ ಸತ್ತಿತು.

ಸದ್ದಿನ ಹುಡುಗ ಮೂರು ದಿನ ಅಲೆದ.
ಹಲಗೆ ಬಡಿದ, ಪಟಾಕಿ ಹಚ್ಚಿದ, ಬಲೂನು ಒಡೆದ,
ಯಾವುದಕ್ಕೂ ತೂಕವಿಲ್ಲ ಅಂದ.
ನಾಲ್ಕನೆಯ ಬೆಳಗ್ಗೆ ನಾನು ರೊಟ್ಟಿ ತೆಗೆದು
ಕಬ್ಬಿಣದ ಮುಚ್ಚಳವನ್ನು ಒಲೆಯ ಬಾಯಿಗೆ ಎಸೆದೆ,
ದಿನಾ ಎಸೆಯುವ ಹಾಗೆ.
ಹುಡುಗ ಬಾಗಿಲಲ್ಲೇ ನಿಂತುಬಿಟ್ಟ.
'ಅಜ್ಜಾ, ಇನ್ನೊಂದು ಸಲ.'
ಹದಿನಾಲ್ಕು ಸಲ ಕೊಂದೆ.

ಆಮೇಲೆ ಎಂಟು ತಿಂಗಳು ಎಡಿಟಿಂಗ್,
ಅವಳ ಕಾರು ಹೋಯಿತು, ನಿದ್ದೆ ಹೋಯಿತು,
ಆರು ಉತ್ಸವಗಳು ವಿಷಾದಿಸಿದವು.
ಏಳನೆಯದು ಹೂಂ ಅಂದಿತು:
ರಾತ್ರಿ ಹನ್ನೊಂದೂವರೆಯ ಆಟ.
ಪೋಸ್ಟರಿನಲ್ಲಿ ನಮ್ಮೂರಿನ ಹೆಸರಿಗೆ ಒಂದಕ್ಷರ ಕಮ್ಮಿ.
ಸಮುದ್ರದ ಗಾಳಿಗೆ ಅದರ ಮೂಲೆ ಎದ್ದು ಪಟಪಟ ಅನ್ನುತ್ತಿತ್ತು;
ಯಾರೂ ನೋಡದಾಗ ಎಂಜಲು ಹಚ್ಚಿ ಅಂಟಿಸಿದೆ.

ಕತೆ ಇಷ್ಟೇ.
ಹಿಮದ ರಾತ್ರಿ. ಕಣಿವೆಯ ನಟ್ಟನಡುವೆ
ಗಣಿಯ ಕೇಬಲ್ ಕಾರು ನಿಂತಿದೆ, ಒಳಗೊಬ್ಬ.
ಕೆಳಗೆ ಮೋಟಾರಿನ ಕೋಣೆಯಲ್ಲಿ
ದೀಪವಿದೆ, ಕುರ್ಚಿಯಿದೆ, ಕುರ್ಚಿಗೆ ಕೋಟೂ ಇದೆ,
ಮನುಷ್ಯನಿಲ್ಲ.
ಎಂಬತ್ತೆಂಟು ನಿಮಿಷ ಅವನನ್ನೇ ಹುಡುಕುತ್ತಾನೆ ಕಾವಲುಗಾರ.
ಸಿಕ್ಕವನನ್ನು ಹೊಡೆಯುತ್ತಾನೆ.
ಸಿಕ್ಕವನು ಅವನಲ್ಲ.

ದೀಪ ಬಂತು. ಚಪ್ಪಾಳೆ, ಹಂಚಿನ ಮೇಲೆ ನಾಲ್ಕು ಹನಿ ಬಿದ್ದಷ್ಟು.
ಕನ್ನಡಕದ ಹೆಂಗಸೊಬ್ಬಳು ಮೈಕು ಹಿಡಿದಳು:
'ಹಾಗಾದರೆ ಮೋಟಾರು ಬಿಟ್ಟು ಎದ್ದುಹೋದವನು ಯಾರು?'
ತ್ಸಿರಾ ನೀರು ಕುಡಿದಳು.
'ಚಿತ್ರಕ್ಕೆ ಗೊತ್ತಿಲ್ಲ,' ಅಂದಳು.
ಅನ್ನುತ್ತಾ ಮೂವತ್ತಾರು ಮುಖ ನೋಡಿದಳು,
ಒಂದೊಂದಾಗಿ.

ನಾನು ಹಿಟ್ಟಿಗೆ ಕೈಯಿಟ್ಟದ್ದು ತಡವಾಗಿ.
ಅದಕ್ಕೆ ಮುಂಚೆ ಈ ಕೈಯಲ್ಲಿದ್ದದ್ದು
ಬೇರೊಂದು ಹಿಡಿ.
ಆ ರಾತ್ರಿ ಹಲ್ಲು ಕಟಕಟಿಸುವ ಚಳಿ,
ಬೀದಿಯಾಚೆ ಯಾರದೋ ಒಲೆ ಉರಿಯುತ್ತಿತ್ತು,
ಮೊದಲ ರೊಟ್ಟಿ ಏಳುತ್ತಿತ್ತು.
ಹತ್ತೇ ನಿಮಿಷ, ಅಂದುಕೊಂಡೆ.
ಕರೆಂಟು ಹೋಯಿತು, ಬಂತು, ಹೋಯಿತು.
ಕೋಟು ಕುರ್ಚಿಯಲ್ಲಿತ್ತು.
ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೋಟಿನ ವಿಷಯ.

ಬಸ್ಸಿನಲ್ಲಿ ಊರಿಗೆ ಮರಳಿದೆ.
ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿ, ರೊಟ್ಟಿ ಬಡಿದು, ತೆಗೆದು,
ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿ
ಎರಡೂ ಕೈಯಲ್ಲಿ ಹಿಡಿದು
ಮೆಲ್ಲಗೆ, ಬಹಳ ಮೆಲ್ಲಗೆ ಇಳಿಸಿದೆ.

ಆದರೂ ಸದ್ದಾಯಿತು.